ಮುಟ್ಟದೆಯೂ ಸುಡುವ ಬೆಂಕಿ

ಕರೆಂಟು ಮುಟ್ಟಿದರೆ ಸಾಯ್ತೀವಿ. ಇದು ನಮ್ಮ ಕೇರಿಯ ಕೂಸಿಗೂ ಗೊತ್ತು. ಮುಟ್ಟದೆ ಮೂರಡಿ ದೂರ ನಿಂತವನನ್ನೂ ಕರೆಂಟು ಸುಡುತ್ತದೆ ಅನ್ನೋದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಪುಸ್ತಕ ಓದಿ ಅಲ್ಲ, ಒಬ್ಬ ಹುಡುಗನ ಮುಖ ನೋಡಿ.

ಹುಡುಗ ನಮ್ಮ ಬೀದಿಯವನೇ. ಐಟಿಐ ಪಾಸು. ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟುದಾರನ ಕೈಕೆಳಗೆ ಹೆಲ್ಪರ್. ಅವತ್ತು ದೊಡ್ಡ ಪ್ಯಾನೆಲ್ಲಿನ ಬಾಗಿಲು ತೆಗೆದು ಮೇಸ್ತ್ರಿ ಒಳಗಿನ ಬೋಲ್ಟು ಬಿಗಿ ಮಾಡುತ್ತಿದ್ದರು, ಇವನು ಹಿಂದೆ ನಿಂತು ಟಾರ್ಚು ಹಿಡಿದಿದ್ದ. ಮೈನ್ ಆಫ್ ಮಾಡಿರಲಿಲ್ಲ. ಆಫ್ ಮಾಡಿದರೆ ಮಿಷನ್ನುಗಳು ನಿಲ್ಲುತ್ತವೆ, ಮಿಷನ್ನು ನಿಂತರೆ ಮೇಲಿನವರು ಕೇಳುತ್ತಾರೆ. ಸ್ಪ್ಯಾನರ್ ಜಾರಿತು. ಅಲ್ಲಿಂದಾಚೆ ಅವನಿಗೆ ನೆನಪಿರೋದು ಒಂದು ಬೆಳಕು, ಒಂದು ಸದ್ದು, ಅಷ್ಟೆ. ಮೇಸ್ತ್ರಿ ಹನ್ನೊಂದನೇ ದಿನ ತೀರಿಕೊಂಡರು. ಹುಡುಗನ ಮುಖ, ಕತ್ತು, ಎರಡು ಕೈ ಸುಟ್ಟವು.

'ಅಣ್ಣಾ, ನಾನು ಏನೂ ಮುಟ್ಟಿಲ್ಲ' ಅಂತ ಆಸ್ಪತ್ರೆಯಲ್ಲಿ ಹತ್ತು ಸಲ ಹೇಳಿದ. ಅವರವ್ವನೇ ನಂಬಲಿಲ್ಲ. 'ಮುಟ್ದೆ ಹೆಂಗ್ ಸುಟ್ಟಾತು ಮಗ, ನಿಜ ಹೇಳು' ಅಂತ ಅಳುತ್ತಾ ಕೂತಿದ್ದಳು. ಕಾಗದ ಪತ್ರ ಮಾಡಿದವರೂ ನಂಬಲಿಲ್ಲ. ಕೈಗೆ ಬಟ್ಟೆ ಸುತ್ತಿದ್ದರಿಂದ ಸಹಿ ಮಾಡಲಾಗದೆ ಉಳಿದ ಒಂದು ಹೆಬ್ಬೆಟ್ಟಿನ ತುದಿಯನ್ನೇ ಒತ್ತಿಸಿಕೊಂಡು ಹೋದ ಹೇಳಿಕೆಯಲ್ಲಿ ಇದ್ದದ್ದು ಇಷ್ಟು: ಕಾರ್ಮಿಕರ ಅಜಾಗರೂಕತೆಯಿಂದ ಅವಘಡ ಸಂಭವಿಸಿದೆ.

ಮುಟ್ಟುವುದು, ಮುಟ್ಟದೆ ಇರುವುದು, ಮುಟ್ಟದೆಯೇ ಸುಡುವುದು. ನಮ್ಮ ಜನಕ್ಕೆ ಈ ಮಾತುಗಳು ಹೊಸವಲ್ಲ. ಆ ಕತೆ ಇಲ್ಲಿ ಬೇಡ. ಆದರೆ ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿತ್ತು. ಹುಡುಕುತ್ತಾ ಹೋದ ನಮಗೆ ಎರಡು ಶತಮಾನದ ಚರಿತ್ರೆಯೇ ಎದುರಾಯಿತು.

ಮೊದಲು ಆ ಬೆಂಕಿಯ ಹೆಸರು. ಇಂಗ್ಲಿಷಿನಲ್ಲಿ ಆರ್ಕ್. ನಮ್ಮ ಪಠ್ಯಪುಸ್ತಕದವರು ವಿದ್ಯುತ್ ಚಾಪ ಅನ್ನುತ್ತಾರೆ. ಚಾಪ ಅಂದರೆ ಬಿಲ್ಲು. ಕೆಲಸಗಾರರು 'ಫ್ಲ್ಯಾಶ್ ಹೊಡೀತು' ಅಂತಾರೆ. ಬಿಲ್ಲು ಯಾಕೆ ಅಂದರೆ, ಎರಡು ಇದ್ದಿಲು ಕಡ್ಡಿಗಳನ್ನು ಅಡ್ಡಲಾಗಿ ಎದುರೆದುರು ಇಟ್ಟು, ಬಲವಾದ ಬ್ಯಾಟರಿಗೆ ಜೋಡಿಸಿ, ಮುಟ್ಟಿಸಿ, ಆಮೇಲೆ ಮೆಲ್ಲಗೆ ದೂರ ಎಳೆದರೆ, ಕರೆಂಟು ನಿಲ್ಲೋದಿಲ್ಲ. ನಡುವಿನ ಗಾಳಿಯನ್ನೇ ತಂತಿ ಮಾಡಿಕೊಂಡು ಹರಿಯುತ್ತದೆ. ಕಾದ ಗಾಳಿ ಮೇಲಕ್ಕೇಳುವುದರಿಂದ ಆ ಬೆಂಕಿ ಮೇಲಕ್ಕೆ ಬಾಗಿ ಕಮಾನಿನ ಹಾಗೆ ಕಾಣುತ್ತದೆ. ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನ ರಾಯಲ್ ಇನ್ಸ್‌ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಇದನ್ನು ದೊಡ್ಡವರ ಮುಂದೆ ಮಾಡಿ ತೋರಿಸಿದ. ಶಾಲೆಯಲ್ಲಿ ನಾವು ಓದಿದ ಹೆಸರು ಅವನದೇ.

ಓದದೆ ಇದ್ದ ಹೆಸರು ಇನ್ನೊಂದಿದೆ, ವಸೀಲಿ ಪೆತ್ರೋವ್. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವೈದ್ಯಕೀಯ ಅಕಾಡೆಮಿಯ ಮೇಷ್ಟ್ರು. 1802ರಲ್ಲೇ ತಾಮ್ರ ಮತ್ತು ಸತುವಿನ 4,200 ಬಿಲ್ಲೆಗಳನ್ನು ಜೋಡಿಸಿ ಬ್ಯಾಟರಿ ಕಟ್ಟಿ ಈ ಕಮಾನು ಬೆಂಕಿ ಹೊತ್ತಿಸಿದ. ಇದರಿಂದ ಕತ್ತಲೆ ಕೋಣೆ ಬೆಳಗಬಹುದು, ಲೋಹ ಕರಗಿಸಬಹುದು ಅಂತಲೂ ಬರೆದ. 1803ರಲ್ಲಿ ಪುಸ್ತಕ ಮಾಡಿದ. ಬರೆದದ್ದು ತನ್ನ ಜನದ ಭಾಷೆಯಾದ ರಷ್ಯನ್ನಿನಲ್ಲಿ. ವಿದ್ವಾಂಸರ ಭಾಷೆ ಆಗ ಲ್ಯಾಟಿನ್ನು, ಫ್ರೆಂಚು. ಯೂರೋಪು ಅದನ್ನು ಓದಲಿಲ್ಲ, ಅವನ ದೇಶದವರೂ ಮರೆತರು, ಆ ಶತಮಾನ ಮುಗಿಯುವ ಹೊತ್ತಿಗೆ ಯಾರೋ ಹಳೇ ಪುಸ್ತಕ ತೆರೆದಾಗಲೇ ಅವನು ಮತ್ತೆ ಬದುಕಿದ್ದು. ಸಣ್ಣ ಕರೆಂಟೂ ಚುರುಕಾಗಿ ತಿಳಿಯಲಿ ಅಂತ ಅವನು ತನ್ನ ಬೆರಳ ತುದಿಯ ಚರ್ಮವನ್ನೇ ಸವರಿಕೊಳ್ಳುತ್ತಿದ್ದನಂತೆ. ಈ ಚರಿತ್ರೆಯ ಮೊದಲ ಅಳತೆಗೋಲೇ ಮನುಷ್ಯನ ಚರ್ಮ ಅನ್ನೋದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

ಡೇವಿಯ ಆಟ ಎಪ್ಪತ್ತು ವರ್ಷದಲ್ಲಿ ವ್ಯಾಪಾರವಾಯಿತು. ಬೀದಿಗಳಿಗೆ, ಬಂದರುಗಳಿಗೆ, ರೈಲು ನಿಲ್ದಾಣಗಳಿಗೆ ಆರ್ಕ್ ದೀಪ ಬಂದವು. ಕಣ್ಣು ಕುಕ್ಕುವ ಬೆಳಕು, ಆದರೆ ಬುಸ್ ಅಂತ ಸದ್ದು ಮಾಡೋದು, ಮಿಣುಕೋದು. ಯಾಕೆ ಹೀಗೆ ಅಂತ ಕಂಡುಹಿಡಿದವಳು ಒಬ್ಬ ಹೆಂಗಸು. ಹರ್ಥಾ ಏರ್ಟನ್. ಹುಟ್ಟಿದ್ದು 1854ರಲ್ಲಿ. ತಂದೆ ಪೋಲೆಂಡಿನಿಂದ ಓಡಿಬಂದ ಯಹೂದಿ, ಗಡಿಯಾರ ರಿಪೇರಿಯವ. ಅವನು ಸತ್ತಾಗ ಇವಳಿಗೆ ಏಳು ವರ್ಷ, ಮನೆ ತುಂಬ ಮಕ್ಕಳು, ತಾಯಿ ಬಟ್ಟೆ ಹೊಲಿದು ಸಾಕಿದಳು. ಕೇಂಬ್ರಿಜ್‌ನಲ್ಲಿ ಓದಿದರೂ ಡಿಗ್ರಿ ಇಲ್ಲ, ಯಾಕೆಂದರೆ ಆಗ ಅಲ್ಲಿ ಹೆಣ್ಣುಮಕ್ಕಳಿಗೆ ಡಿಗ್ರಿ ಕೊಡುತ್ತಿರಲಿಲ್ಲ. ಇದ್ದಿಲು ಕಡ್ಡಿಯ ತುದಿಯಲ್ಲಿ ಕುಳಿ ಬೀಳುತ್ತದೆ, ಆ ಕುಳಿಗೆ ಗಾಳಿಯ ಆಮ್ಲಜನಕ ನುಗ್ಗಿದಾಗ ಬುಸುಗುಟ್ಟುತ್ತದೆ ಅಂತ ಅವಳು ತೋರಿಸಿದಳು. 1899ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರುಗಳ ಸಂಸ್ಥೆಯಲ್ಲಿ ತನ್ನ ಪ್ರಬಂಧವನ್ನು ತಾನೇ ಓದಿದಳು, ಅದರ ಮೊದಲ ಮಹಿಳಾ ಸದಸ್ಯೆಯಾದಳು. ಆದರೆ 1901ರಲ್ಲಿ ರಾಯಲ್ ಸೊಸೈಟಿಗೆ ಅವಳ ಪ್ರಬಂಧ ಹೋದಾಗ ಓದಿದ್ದು ಜಾನ್ ಪೆರ್ರಿ ಎಂಬ ಗಂಡಸು. ಬರೆದವಳ ಬಾಯಿಂದ ಆ ಸಭೆ ಕೇಳುವ ಹಾಗಿರಲಿಲ್ಲ. 1902ರಲ್ಲಿ ಅವಳ ಹೆಸರನ್ನು ಫೆಲೋ ಸ್ಥಾನಕ್ಕೆ ಸೂಚಿಸಿದರು. ಮದುವೆಯಾದ ಹೆಂಗಸಿಗೆ ಕಾನೂನಿನಲ್ಲಿ ಬೇರೆ ಅಸ್ತಿತ್ವವೇ ಇಲ್ಲ, ಆದ್ದರಿಂದ ಆಗೋದಿಲ್ಲ ಅಂದರು. ನಾಲ್ಕು ವರ್ಷ ಬಿಟ್ಟು ಅದೇ ಸೊಸೈಟಿ ಹ್ಯೂಸ್ ಪದಕ ಕೊಟ್ಟಿತು. ಪದಕ ಕೊಡಬಹುದು, ಪಕ್ಕದಲ್ಲಿ ಕೂರಿಸಬಾರದು! ಈ ನ್ಯಾಯ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಮೊದಲ ಇಬ್ಬರು ಹೆಂಗಸರನ್ನು ಆ ಸೊಸೈಟಿ ಸೇರಿಸಿಕೊಂಡದ್ದು 1945ರಲ್ಲಿ.

ಅವಳ ದೊಡ್ಡ ಪುಸ್ತಕ, ಕಮಾನು ಬೆಂಕಿಯ ಮೇಲಿನದು, 1902ರಲ್ಲಿ ಅಚ್ಚಾಯಿತು. ಅದೇ 1902ರ ಜೂನ್ ತಿಂಗಳ ಕೊನೆಗೆ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೊರಟಿತು.

ಶಿವನಸಮುದ್ರದ ಬಗ್ಗೆ ನಮ್ಮಲ್ಲಿ ಹೆಮ್ಮೆ ಜಾಸ್ತಿ. ಏಷ್ಯಾದಲ್ಲೇ ಮೊದಲು ಅಂತ ಭಾಷಣದಲ್ಲಿ ಹೇಳುತ್ತಾರೆ. ಡಾರ್ಜಿಲಿಂಗಿನ ಸಿದ್ರಾಪಾಂಗಿನಲ್ಲಿ 1897ರಲ್ಲೇ ನೀರಿನಿಂದ ಕರೆಂಟು ತೆಗೆದಿದ್ದರು. ಇರಲಿ, ದೊಡ್ಡ ಕೆಲಸವೇ. 92 ಮೈಲಿ ಉದ್ದದ ಲೈನು, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, ಲೊತ್ಬಿನಿಯೇರ್ ಎಂಬ ಇಂಜಿನಿಯರನ ಲೆಕ್ಕ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರ, ಸ್ವಿಟ್ಜರ್ಲೆಂಡಿನ ಟರ್ಬೈನು. ಇವೆಲ್ಲ ಚರಿತ್ರೆಯಲ್ಲಿದೆ. ಕಂಬ ನೆಟ್ಟವರು ಯಾರು, ತಂತಿ ಎಳೆದವರು ಯಾರು, ಅದರಲ್ಲಿ ಬಿದ್ದವರು, ಬೆಂದವರು ಎಷ್ಟು, ಆ ಹೆಸರುಗಳು ಕಲ್ಲಿನ ಮೇಲೂ ಇಲ್ಲ, ಕಾಗದದ ಮೇಲೂ ಕಾಣೆವು.

ಕರೆಂಟು ಮೊದಲು ಹೋದದ್ದು ಊರಿಗಲ್ಲ, ಮನೆಗಲ್ಲ, ಬ್ರಿಟಿಷ್ ಕಂಪನಿಗಳ ಗಣಿಗೆ. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು ಮೂರು ವರ್ಷದ ಮೇಲೆ, 1905ರ ಆಗಸ್ಟಿನಲ್ಲಿ. ಗಣಿಯ ಕೆಳಗಿಳಿದು ಬಂಡೆ ಒಡೆದವರಲ್ಲಿ ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು, ಕೋಲಾರದ ಕಡೆಯ ದಲಿತರು. ಬಿದಿರು ತಟ್ಟಿಯ ಗುಡಿಸಲುಗಳ ಸಾಲಿಗೆ ಕೂಲಿ ಲೈನು ಅಂತ ಹೆಸರು. 1930ರಲ್ಲಿ ಬೆರಳಚ್ಚು ತೆಗೆದು ದಾಖಲೆ ಮಾಡ್ತೀವಿ ಅಂತ ಕಂಪನಿ ಹೊರಟಾಗ ಇದೇ ಜನ ಗಣಿಯನ್ನೇ ನಿಲ್ಲಿಸಿ ಕೂತರು. ಹೆಬ್ಬೆಟ್ಟಿನ ಬೆಲೆ ಅವರಿಗೆ ಗೊತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ಹೆಬ್ಬೆಟ್ಟು ಒತ್ತಿದ ನಮ್ಮ ಹುಡುಗನಿಗೆ ಈ ಕತೆ ಯಾರೂ ಹೇಳಿರಲಿಲ್ಲ.

ಏರ್ಟನ್ ಅಳೆದ ಬೆಂಕಿಗೂ ಲೈನಿನ ಬೆಂಕಿಗೂ ವ್ಯತ್ಯಾಸ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ವೆಲ್ಡಿಂಗ್ ಅಂಗಡಿಗೆ ಹೋಗಿ ನೋಡಿ. ಗೇಟು, ಕಿಟಕಿ ಮಾಡುವ ಕಡೆ. ಅಲ್ಲಿ ಕಡ್ಡಿಯ ತುದಿಯಲ್ಲಿ ಉರಿಯೋದು ಇದೇ ಕಮಾನು ಬೆಂಕಿ, ಆದರೆ ಪಳಗಿಸಿದ್ದು. ಇಪ್ಪತ್ತು ಮೂವತ್ತು ವೋಲ್ಟು, ನೂರು ಇನ್ನೂರು ಆಂಪಿಯರು. ಅಷ್ಟಕ್ಕೇ ಬರಿಗಣ್ಣಲ್ಲಿ ನೋಡಿದ ಹುಡುಗರು ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಹೊಯ್ದ ಹಾಗೆ ಒದ್ದಾಡುತ್ತಾರೆ. ಈಗ ಊರ ಹೊರಗಿನ ಟಿಸಿ ತೆಗೆದುಕೊಳ್ಳಿ, 100 ಕೆವಿಎ ಇರೋದು. ಪೂರ್ತಿ ಲೋಡಿನಲ್ಲಿ ಅದರಿಂದ ಹೊರಡೋದು 133 ಆಂಪಿಯರು. ಒಳಗಿನ ತಡೆ ಸುಮಾರು ನಾಲ್ಕೂವರೆ ಪರ್ಸೆಂಟು ಅಂತ ಹಿಡಿದರೆ, ಬಾಯಲ್ಲೇ ಶಾರ್ಟ್ ಆದಾಗ ನುಗ್ಗೋದು ಹತ್ತಿರ ಹತ್ತಿರ 3,000 ಆಂಪಿಯರು. ಎಸ್ಸೆಸ್ಸೆಲ್ಸಿ ಹುಡುಗರೂ ಮಾಡಬಹುದಾದ ಭಾಗಾಕಾರ ಇದು, ಮೇಷ್ಟ್ರುಗಳು ಬೋರ್ಡಿನ ಮೇಲೆ ಮಾಡಿಸಲಿ. ಕಾರ್ಖಾನೆಯ ಟ್ರಾನ್ಸ್‌ಫಾರ್ಮರು ಇದರ ಐದರಷ್ಟು, ಹತ್ತರಷ್ಟು ದೊಡ್ಡದು. ನಮ್ಮ ಹುಡುಗ ಟಾರ್ಚು ಹಿಡಿದು ನಿಂತದ್ದು ಅಂಥದರ ಮುಂದೆ.

ಸ್ಪ್ಯಾನರ್ ಎರಡು ಪಟ್ಟಿಗಳ ನಡುವೆ ಬಿದ್ದ ಕೂಡಲೇ ಅದರ ತುದಿ ಆವಿಯಾಗುತ್ತದೆ. ಆ ಲೋಹದ ಆವಿಯೇ ತಂತಿಯಾಗುತ್ತದೆ. ಅಲ್ಲಿಂದ ಸ್ಪ್ಯಾನರ್ ಬೇಕಾಗಿಲ್ಲ, ಬೆಂಕಿ ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ. ಬಿಸಿ ಎಷ್ಟು ಅಂದರೆ, ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ, ಈ ಕಮಾನಿನ ಬೇರು ಅದರ ಮೂರು ನಾಲ್ಕರಷ್ಟಕ್ಕೆ ಹೋಗಬಹುದು. ತಾಮ್ರ ಆವಿಯಾದಾಗ ತನ್ನ ಗಾತ್ರದ 67,000 ಪಟ್ಟು ಹಿಗ್ಗುತ್ತದೆ. ಅದಕ್ಕೇ ಆ ಸದ್ದು, ಅದಕ್ಕೇ ಕರಗಿದ ಲೋಹದ ಹನಿ ಮುಖಕ್ಕೆ ರಾಚೋದು. ಮೈಯೊಳಗೆ ಒಂದು ಹನಿ ಕರೆಂಟೂ ಹರಿಯದೆ ಮನುಷ್ಯ ಬೇಯುತ್ತಾನೆ. ತಾಯಿ, ನಿನ್ನ ಮಗ ಹೇಳಿದ್ದು ನಿಜ.

ಇದರಲ್ಲಿ ಇನ್ನೊಂದು ಮೋಸ ಇದೆ. ನೇರವಾಗಿ ಲೋಹಕ್ಕೆ ಲೋಹ ತಗಲಿ ಶಾರ್ಟ್ ಆದರೆ ಕರೆಂಟು ಭಯಂಕರ ಏರುತ್ತದೆ, ಬ್ರೇಕರಿಗೆ ತಕ್ಷಣ ಗೊತ್ತಾಗಿ ಬೀಳುತ್ತದೆ. ಕಮಾನು ಬೆಂಕಿಯಲ್ಲಿ ನಡುವಿನ ಗಾಳಿ ಒಂದಷ್ಟು ತಡೆಯುವುದರಿಂದ ಕರೆಂಟು ಅದಕ್ಕಿಂತ ಕಮ್ಮಿ. ಬ್ರೇಕರು ಇದನ್ನು ಯಾವುದೋ ದೊಡ್ಡ ಮೋಟರು ಸ್ಟಾರ್ಟ್ ಆಯ್ತು ಅಂತ ತಿಳಿದು ಕಾಯುತ್ತಾ ಕೂರಬಹುದು. ಎದುರಿಗಿರುವ ಮನುಷ್ಯ ಆ ಹೊತ್ತಿನಲ್ಲಿ ಸುಡುತ್ತಿರುತ್ತಾನೆ. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬ್ರೇಕರು ಬಿದ್ದರೆ ಒಂದು ಪಾಲು ಬೆಂಕಿ, ಎರಡು ಸೆಕೆಂಡು ತಡ ಮಾಡಿದರೆ ಇಪ್ಪತ್ತು ಪಾಲು ಬೆಂಕಿ. ಬದುಕು ಸಾವಿನ ನಡುವೆ ಇರೋದು ಆ ಸೆಟ್ಟಿಂಗು. ಆ ಸೆಟ್ಟಿಂಗು ಮಾಡುವವನು ಹೆಲ್ಪರ್ ಅಲ್ಲ. ಅಜಾಗರೂಕತೆ ಯಾರದು ಅಂತ ಕೇಳಬೇಕಾದರೆ ಇಲ್ಲಿ ನಿಂತು ಕೇಳಬೇಕು.

ಇಷ್ಟೆಲ್ಲ ವಿಜ್ಞಾನ 1902ಕ್ಕೇ ಅರ್ಧ ಗೊತ್ತಿತ್ತು. ದೀಪಕ್ಕಾಗಿ ಕಮಾನನ್ನು ಅಳೆದರು, ಕುಲುಮೆಗಾಗಿ ಅಳೆದರು, ಬ್ರೇಕರಿನೊಳಗೆ ಅದನ್ನು ಕೊಲ್ಲಲು ಎಣ್ಣೆ, ಒತ್ತಿದ ಗಾಳಿ, ಅನಿಲ, ನಿರ್ವಾತ ಎಲ್ಲ ಕಂಡುಹಿಡಿದರು. ಬ್ರೇಕರು ಸುಡಬಾರದು, ಅದಕ್ಕೆ ಬೆಲೆ ಇದೆ. ಎದುರಿಗೆ ನಿಂತವನ ಮೈಗೆ ಈ ಬೆಂಕಿ ಏನು ಮಾಡುತ್ತದೆ ಅಂತ ಲೆಕ್ಕ ಹಾಕಲು ಇನ್ನೂ ಎಂಬತ್ತು ವರ್ಷ ಬೇಕಾಯಿತು.

ಮುಟ್ಟಿ ಸಾಯುವುದರ ಲೆಕ್ಕ ಬೇಗ ಶುರುವಾಗಿತ್ತು. ಅಮೆರಿಕದಲ್ಲಿ 1890ರಲ್ಲೇ ಮನುಷ್ಯನನ್ನು ಕರೆಂಟಿನ ಕುರ್ಚಿಯಲ್ಲಿ ಕೂರಿಸಿ ಕೊಂದರು. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಡಾಲ್ಜೀಲ್ ಎಂಬ ಪ್ರೊಫೆಸರು 1940ರ ದಶಕದಿಂದ, ಎಷ್ಟು ಕರೆಂಟು ಹಿಡಿದರೆ ಕೈ ಬಿಡಿಸಿಕೊಳ್ಳಲಾಗದು ಅಂತ ಸ್ವಯಂಸೇವಕರ ಮೇಲೆ ಅಳೆದ. ಗಂಡಸಿಗೆ ಸರಾಸರಿ 16 ಮಿಲಿಆಂಪಿಯರು, ಹೆಂಗಸಿಗೆ ಅದಕ್ಕಿಂತ ಕಮ್ಮಿ. ಮನೆಯಲ್ಲಿ ಶಾಕ್ ಹೊಡೆದ ಕೂಡಲೇ ಬೀಳುವ ಸಣ್ಣ ಸ್ವಿಚ್ಚಿನ ಹಿಂದೆ ಅವನ ಲೆಕ್ಕ ಇದೆ. ಒಳ್ಳೆಯ ಕೆಲಸ. ಆದರೆ ಕರೆಂಟಿನ ಅಪಾಯ ಅಂದರೆ ಮುಟ್ಟುವುದು ಮಾತ್ರ ಅನ್ನುವ ತಿಳುವಳಿಕೆ ಅದರ ಜೊತೆಗೇ ಗಟ್ಟಿಯಾಯಿತು. ರಬ್ಬರ್ ಕೈಗವಸು ಕೊಡಿ, ರಬ್ಬರ್ ಚಪ್ಪೆ ಹಾಸಿ, ಮುಗೀತು.

1982ರಲ್ಲಿ ರಾಲ್ಫ್ ಲೀ ಎಂಬ ಅಮೆರಿಕದ ಇಂಜಿನಿಯರು ಒಂದು ಪ್ರಬಂಧ ಪ್ರಕಟಿಸಿದ. ಅದರ ಶೀರ್ಷಿಕೆಯ ಅರ್ಥ 'ಕರೆಂಟಿನ ಇನ್ನೊಂದು ಅಪಾಯ' ಅಂತ. ಇನ್ನೊಂದು ಅನ್ನುವ ಆ ಒಂದು ಶಬ್ದವೇ ಎಲ್ಲ ಹೇಳುತ್ತದೆ. ಕಮಾನು ಬೆಂಕಿ ಐದು ಅಡಿ ದೂರದವರೆಗೂ ಪ್ರಾಣ ತೆಗೆಯಬಲ್ಲದು, ಹತ್ತು ಅಡಿಯವರೆಗೂ ತೀವ್ರವಾಗಿ ಸುಡಬಲ್ಲದು ಅಂತ ಅವನು ಲೆಕ್ಕ ಸಮೇತ ಬರೆದ. ಎಷ್ಟು ಕರೆಂಟಿಗೆ, ಎಷ್ಟು ಹೊತ್ತಿಗೆ, ಎಷ್ಟು ದೂರ ನಿಂತರೆ ಗಾಯ ವಾಸಿಯಾಗುವಂಥದು, ಎಷ್ಟು ಹತ್ತಿರ ಹೋದರೆ ಆಗದು ಅಂತ ಸೂತ್ರ ಕೊಟ್ಟ. ಲೀ ಡ್ಯೂಪಾಂಟ್ ಕಂಪನಿಯಲ್ಲಿ ಬಹುಕಾಲ ಕೆಲಸ ಮಾಡಿದವ. ಬೆಂಕಿ ತಡೆಯುವ ನೋಮೆಕ್ಸ್ ಬಟ್ಟೆ ಮಾಡಿ ಮಾರುತ್ತಿದ್ದುದೂ ಅದೇ ಕಂಪನಿ. ಇದನ್ನು ಹೇಳಿದ್ದು ಲೀಯ ಲೆಕ್ಕ ಸುಳ್ಳು ಅಂತ ಅಲ್ಲ. ಲೆಕ್ಕ ನಿಜವೇ. ನಿಜ ಹೊರಬರುವುದಕ್ಕೂ ಯಾರದೋ ಅಂಗಡಿ ತೆರೆದಿರಬೇಕಾಗುತ್ತದೆ, ಅಷ್ಟೆ.

ಚರ್ಮ ಎಷ್ಟು ಬಿಸಿ ತಡೆಯುತ್ತದೆ ಅನ್ನುವ ಅಳತೆ ಅದಕ್ಕೂ ಮುಂಚೆಯೇ ಇತ್ತು. ಅಮೆರಿಕದ ನೌಕಾದಳದ ಪ್ರಯೋಗಶಾಲೆಯಲ್ಲಿ ಆಲಿಸ್ ಸ್ಟೋಲ್ ಎಂಬ ವಿಜ್ಞಾನಿ 1950ರ, 60ರ ದಶಕಗಳಲ್ಲಿ ಸ್ವಯಂಸೇವಕರ ಮುಂಗೈಗೆ ಕಪ್ಪು ಮಸಿ ಬಳಿದು, ಶಾಖ ಬಿಟ್ಟು, ನೋವು ಯಾವಾಗ ಶುರು, ಬೊಬ್ಬೆ ಯಾವಾಗ ಅಂತ ಅಳೆದಳು. ನೋಡಿ, ಮತ್ತೆ ಒಬ್ಬ ಹೆಂಗಸು, ಮತ್ತೆ ಚರ್ಮ. ಒಂದು ಚದರ ಸೆಂಟಿಮೀಟರಿಗೆ 1.2 ಕ್ಯಾಲೊರಿ. ಲೈಟರಿನ ಉರಿಯಲ್ಲಿ ಬೆರಳ ತುದಿಯನ್ನು ಒಂದು ಸೆಕೆಂಡು ಹಿಡಿದಷ್ಟು. ಅದು ದಾಟಿದರೆ ಬೊಬ್ಬೆ. ಇವತ್ತಿಗೂ ಜಗತ್ತಿನಲ್ಲಿ ಕಮಾನು ಬೆಂಕಿಯ ಗಡಿ ಎಳೆಯುವುದು ಈ 1.2ರ ಮೇಲೆ. ಆ ಅಳತೆ ಬಂದದ್ದು ಕಾರ್ಮಿಕರಿಗಾಗಿ ಅಲ್ಲ, ಯುದ್ಧವಿಮಾನದವರ ಉಡುಪಿಗಾಗಿ.

ಅಮೆರಿಕದ ಬೆಂಕಿ ಸುರಕ್ಷತೆಯ ಸಂಸ್ಥೆ ಕಾರ್ಮಿಕರ ವಿದ್ಯುತ್ ಸುರಕ್ಷತೆಗೆ ಅಂತ 1979ರಲ್ಲಿ ಒಂದು ನಿಯಮಾವಳಿ ತಂದಿತ್ತು. ಅದರೊಳಗೆ ಈ ಬೆಂಕಿಯ ಗಡಿ ಸೇರಿದ್ದು 1995ರಲ್ಲಿ. ಲೀ ಬರೆದ ಹದಿಮೂರು ವರ್ಷದ ಮೇಲೆ. ಕರಾರುವಾಕ್ಕಾದ ಲೆಕ್ಕದ ವಿಧಾನವನ್ನು ಇಂಜಿನಿಯರುಗಳ ಸಂಘ 2002ರಲ್ಲಿ ಕೊಟ್ಟಿತು, 2018ರಲ್ಲಿ ತಿದ್ದಿತು. ಪ್ಯಾನೆಲ್ಲಿನ ಬಾಗಿಲ ಮೇಲೆ ಇಷ್ಟು ಕ್ಯಾಲೊರಿ, ಇಷ್ಟು ದೂರ, ಇಂಥ ಬಟ್ಟೆ ಅಂತ ಚೀಟಿ ಅಂಟಿಸುವ ಪದ್ಧತಿ ಬಂದದ್ದು ಹೀಗೆ.

ಇನ್ನು ನಮ್ಮ ದೇಶ. ಇಲ್ಲಿ 1903ರಲ್ಲಿ ಒಂದು ವಿದ್ಯುತ್ ಕಾಯಿದೆ, 1910ರಲ್ಲಿ ಇನ್ನೊಂದು, 1956ರಲ್ಲಿ ವಿದ್ಯುತ್ ನಿಯಮಗಳು. ಆ 1956ರ ನಿಯಮಗಳಲ್ಲಿ 36ನೆಯದು ಲೈನಿನ ಮೇಲೆ ಕೆಲಸ ಮಾಡುವವರಿಗೆ ಕೈಗವಸು, ರಬ್ಬರ್ ಬೂಟು, ಬೆಲ್ಟು, ಏಣಿ, ಅರ್ತ್ ಮಾಡುವ ಸಾಧನ, ಹೆಲ್ಮೆಟ್ಟು ಕೊಡಬೇಕು ಅಂತ ಹೇಳಿತು. ಚೆನ್ನಾಗಿ ಬರೆದ ನಿಯಮ. ಎಲ್ಲವೂ ಮುಟ್ಟುವುದಕ್ಕೆ, ಬೀಳುವುದಕ್ಕೆ ಉತ್ತರ. ಮುಟ್ಟದೆ ಸುಡುವುದಕ್ಕೆ ತಡೆಯಾಗುವ ಬಟ್ಟೆಯ ಮಾತು ಅದರಲ್ಲಿ ಇಲ್ಲ. ಇದ್ದದ್ದನ್ನಾದರೂ ಕೊಟ್ಟರೇ? ನಮ್ಮ ತಾಲ್ಲೂಕಿನಲ್ಲಿ ಬರಿಗೈಲಿ ಕಂಬ ಹತ್ತುವವರನ್ನು ನೋಡಿಕೊಂಡೇ ನಾವು ದೊಡ್ಡವರಾದೆವು.

ಹಳೇ ಮಂಡಳಿಯ ಕನ್ನಡದಲ್ಲಿ ಆ ಹುದ್ದೆಗೆ 'ಮಾರ್ಗದಾಳು' ಅಂತ ಹೆಸರು. ಲೈನ್‌ಮನ್ ಅನ್ನುವುದರಲ್ಲಿ ಮನುಷ್ಯ ಇದ್ದಾನೆ, ನಮ್ಮ ಅನುವಾದದಲ್ಲಿ ಆಳು ಬಂದ. ಗೌಡರ ಮನೆಯ ಆಳು, ತೋಟದ ಆಳು, ಮಾರ್ಗದ ಆಳು. ಆಮೇಲೆ ಪವರ್‌ಮ್ಯಾನ್ ಅಂತ ಮಾಡಿದರು. 1957ರ ಮಂಡಳಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ಒಡೆದು ಕಂಪನಿಗಳಾದವು. ಹೆಸರು ಎಷ್ಟೇ ಬದಲಾಗಲಿ, ಮಳೆ ಬಿರುಗಾಳಿಯ ರಾತ್ರಿ 'ಕರೆಂಟ್ ಯಾವಾಗ ಬರ್ತದ್ರೀ' ಅಂತ ಬೈಸಿಕೊಳ್ಳುವವನು ಅವನೇ. ಬಯ್ಯುವವರಲ್ಲಿ ನಾವೂ ಇದ್ದೇವೆ, ಸುಳ್ಳು ಯಾಕೆ.

ಬಟ್ಟೆಯ ವಿಷಯ ಬಂತಲ್ಲ, ಒಂದು ಮಾತು ಹೇಳಲೇಬೇಕು. ನಮ್ಮ ಅಪ್ಪಂದಿರ ಕಾಲಕ್ಕೆ ಟೆರಿಲಿನ್, ಟೆರಿಕಾಟ್ ಬಂದಾಗ ಅದು ದೊಡ್ಡ ಮರ್ಯಾದೆ. ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಹರಿಯೋದಿಲ್ಲ. ಹರಕು ಬಟ್ಟೆಯಲ್ಲಿ ಬೆಳೆದವನು ಮೊದಲ ಸಂಬಳದಲ್ಲಿ ಟೆರಿಕಾಟ್ ಶರಟು ಹೊಲಿಸಿ ಊರಿಗೆ ಬಂದರೆ ಕೇರಿಯೇ ನೋಡುತ್ತಿತ್ತು. ಖಾಕಿ ಯೂನಿಫಾರಂ ಕೂಡ ಅದೇ ಬಟ್ಟೆಗೆ ಬಂತು. ಆದರೆ ಕಮಾನು ಬೆಂಕಿಯ ಮುಂದೆ ಪಾಲಿಯೆಸ್ಟರ್ ಕರಗುತ್ತದೆ, ಕರಗಿ ಚರ್ಮಕ್ಕೆ ಅಂಟುತ್ತದೆ, ಅಂಟಿ ಒಳಗೆ ಸುಡುತ್ತಾ ಹೋಗುತ್ತದೆ. ಆಸ್ಪತ್ರೆಯಲ್ಲಿ ಅದನ್ನು ಕೀಳುವಾಗ ಚರ್ಮವೂ ಬರುತ್ತದೆ. ದಪ್ಪ ಹತ್ತಿ ಬಟ್ಟೆಯೂ ಹೊತ್ತಿಕೊಳ್ಳಬಲ್ಲದು, ಆದರೆ ಕರಗುವುದಿಲ್ಲ. ನೂಲಿನ ಅಂಗಿ ಹಾಕಿದ ಬಡವನಿಗೆ ಇದ್ದ ಸಣ್ಣ ಭಾಗ್ಯವೂ ಮರ್ಯಾದೆಯ ಹೆಸರಲ್ಲಿ ಹೋಯಿತು. ನಮ್ಮ ಹುಡುಗನ ಮೈಮೇಲೆ ಇದ್ದದ್ದೂ ಕಂಟ್ರಾಕ್ಟುದಾರ ಕೊಟ್ಟ ಪಾಲಿಯೆಸ್ಟರ್ ಟೀ ಶರಟು, ಬೆನ್ನ ಮೇಲೆ ದೊಡ್ಡದಾಗಿ ಹೆಸರು ಅಚ್ಚು ಹಾಕಿಸಿದ್ದು.

ಹಳ್ಳಿಯ ಕಡೆ ಇದರ ಇನ್ನೊಂದು ರೂಪ. 1970ರ ದಶಕದ ಕೊನೆಗೆ ಭಾಗ್ಯಜ್ಯೋತಿ ಅಂತ ಬಡವರ ಗುಡಿಸಲಿಗೆ ಒಂದೊಂದು ಬಲ್ಬು ಬಂತು. ಆಮೇಲೆ ಪಂಪುಸೆಟ್ಟು ಹೆಚ್ಚಿದವು, ಟಿಸಿ ಅಷ್ಟೇ ಉಳಿಯಿತು. ಫ್ಯೂಸು ಹಾರೋದು, ಹಾಕೋದು, ಹಾರೋದು. ಸಾಕಾಗಿ ಯಾರೋ ಫ್ಯೂಸಿನ ಜಾಗದಲ್ಲಿ ಅಲ್ಯೂಮಿನಿಯಂ ತಂತಿಯ ನಾಲ್ಕು ಎಳೆ ಸುತ್ತುತ್ತಾರೆ. ಹಾರೋದು ನಿಂತಿತು ಅಂತ ಎಲ್ಲರಿಗೂ ಖುಷಿ. ಫ್ಯೂಸು ಇರೋದೇ ಹಾರೋದಕ್ಕೆ ಅನ್ನೋದು ಮರೆತುಹೋಯಿತು. ಮುಂದಿನ ಸಲ ಶಾರ್ಟ್ ಆದಾಗ ಬೆಂಕಿ ಸೆಕೆಂಡುಗಟ್ಟಲೆ ಉರಿಯುತ್ತದೆ, ಪೆಟ್ಟಿಗೆ ಮುಂದೆ ಕೋಲು ಹಿಡಿದು ನಿಂತಿರುವವನು ಹೊಲದ ಜೀತದಾಳಿನ ಮಗನೋ, ನೀರಗಂಟಿಯೋ ಆಗಿರುತ್ತಾನೆ. ಜಮೀನಿನ ಯಜಮಾನ 'ಹೋಗಿ ಫ್ಯೂಸ್ ಹಾಕ್ಕಂಡು ಬಾರೋ' ಅಂದಿರುತ್ತಾನೆ.

ಸಾವಿನ ಲೆಕ್ಕವಾದರೂ ಸರಿಯಾಗಿದೆಯೇ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2021ರ ಒಂದೇ ವರ್ಷಕ್ಕೆ ದೇಶದಲ್ಲಿ ಕರೆಂಟು ಹೊಡೆದು ಸತ್ತವರು 12,000ಕ್ಕೂ ಮೇಲೆ ಅಂತ ಬರೆದಿದೆ. ಶಾರ್ಟ್ ಸರ್ಕ್ಯೂಟಿನ ಬೆಂಕಿಗೆ ಬೇರೆ ಕಾಲಂ ಇದೆ. ಕಮಾನು ಬೆಂಕಿಗೆ ಕಾಲಂ ಇಲ್ಲ. ನಮ್ಮ ಮೇಸ್ತ್ರಿಯವರನ್ನು ಕರೆಂಟು ಹೊಡೆದವರಲ್ಲಿ ಬರೆದರೋ, ಬೆಂಕಿಯಲ್ಲಿ ಬರೆದರೋ, ಎರಡೂ ಅರ್ಧ ಸುಳ್ಳು. ಕಾಲಂ ಇಲ್ಲದ ಸಾವಿಗೆ ಕಾರಣವೂ ಇರೋದಿಲ್ಲ, ಕಾರಣ ಇಲ್ಲದ ಕಡೆ ಅಜಾಗರೂಕತೆ ಅಂತ ಬರೆಯೋದು ಸುಲಭ.

ಇದು ಬರೀ ಕೂಲಿಯವರ ಸಾವು ಅಂತ ನಾವು ಹೇಳುತ್ತಿಲ್ಲ. 2020ರ ಆಗಸ್ಟ್ 20ರ ರಾತ್ರಿ ತೆಲಂಗಾಣದ ಶ್ರೀಶೈಲದ ಎಡದಂಡೆಯಲ್ಲಿ, ನಮ್ಮ ಕಡೆಯಿಂದ ಹರಿದು ಹೋದ ಕೃಷ್ಣೆಯ ನೀರಿನಿಂದ ನಡೆಯುವ ನೆಲದೊಳಗಿನ ವಿದ್ಯುತ್ ಕೇಂದ್ರದಲ್ಲಿ ಪ್ಯಾನೆಲ್ಲಿಗೆ ಬೆಂಕಿ ಬಿತ್ತು. ಸುರಂಗದ ತುಂಬ ಹೊಗೆ. 9 ಜನ ಹೊರಬರಲಿಲ್ಲ. ಅವರಲ್ಲಿ ಇಂಜಿನಿಯರುಗಳೇ ಹೆಚ್ಚು. ಓದಿದವರ ಚರ್ಮಕ್ಕೂ ಗಡಿ ಅದೇ 1.2. ಆದರೆ ಅಲ್ಲಿ ಸತ್ತವರ ಹೆಸರು ಪತ್ರಿಕೆಯಲ್ಲಿ ಬಂತು, ತನಿಖೆ ಆಯಿತು. ಇಬ್ಬರು ಹೆಲ್ಪರು ಒಂದು ಕಾರ್ಖಾನೆಯ ಪ್ಯಾನೆಲ್ ಮುಂದೆ ಸುಟ್ಟರೆ ಜಿಲ್ಲಾ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು.

ಉಪಾಯ ಇಲ್ಲದ ರೋಗವೇನಲ್ಲ ಇದು. ಬಟ್ಟೆ ಕೊನೆಯ ಮಾತು. ಮೊದಲ ಮಾತು ಆಫ್ ಮಾಡುವುದು. ಲೈನಿನವರಿಗೆ ಇದು ಹಳೇ ಪಾಠ: ಬರಹದಲ್ಲಿ ಲೈನ್ ಕ್ಲಿಯರ್ ತಗೋ, ಆಫ್ ಮಾಡಿದ್ದಕ್ಕೆ ಬೀಗ ಹಾಕಿ ಕೀಲಿ ನಿನ್ನ ಜೇಬಲ್ಲೇ ಇಟ್ಕೋ, ಟೆಸ್ಟರು ಹಿಡಿದು ಸತ್ತಿದೆಯೋ ಇಲ್ಲವೋ ನೋಡು, ಆಮೇಲೆ ಅರ್ತ್ ಮಾಡು, ಆಮೇಲೆ ಕೈ ಹಾಕು. ದೊಡ್ಡ ಸ್ವಿಚ್ಚು ಹಾಕುವಾಗ ಬಾಗಿಲು ಮುಚ್ಚಿರಲಿ, ಎದುರು ನಿಲ್ಲಬೇಡ, ಪಕ್ಕಕ್ಕೆ ನಿಂತು ಮುಖ ತಿರುಗಿಸು. ಹಳೇ ಮೇಸ್ತ್ರಿಗಳು ಯಾವ ಪುಸ್ತಕ ಓದದೆಯೂ ಈ ಕೊನೆಯದನ್ನು ಮಾಡುತ್ತಿದ್ದರು, ಹುಡುಗರ ಹೆಗಲು ಹಿಡಿದು ಪಕ್ಕಕ್ಕೆ ಎಳೆಯುತ್ತಿದ್ದರು. ಆಫ್ ಮಾಡಲು ಮೇಲಿನವರು ಒಪ್ಪದಿದ್ದರೆ? ಕಾಯಂ ಕೆಲಸಗಾರ, ಯೂನಿಯನ್ ಇದ್ದವನು, ಆಗಲ್ಲ ಸ್ವಾಮಿ ಅನ್ನಬಲ್ಲ. ಕಂಟ್ರಾಕ್ಟ್ ಹುಡುಗ ಅಂದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ. ಮೇಸ್ತ್ರಿಯವರಿಗೂ ಗೊತ್ತಿತ್ತು ಮೈನ್ ಆಫ್ ಆಗಬೇಕು ಅಂತ. ಗೊತ್ತಿದ್ದೇ ಬಾಗಿಲು ತೆಗೆದರು.

ಹುಡುಗ ಈಗ ಮನೆಯಲ್ಲೇ ಇದ್ದಾನೆ. ಬಲಗೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲ. ವೆಲ್ಡಿಂಗ್ ಅಂಗಡಿ ಮುಂದೆ ಹೋಗುವಾಗ ರಸ್ತೆಯ ಆ ಕಡೆಗೆ ದಾಟುತ್ತಾನೆ. ಹೋದ ತಿಂಗಳು ನಾವು ನಾಲ್ಕು ಜನ ಅವನ ಮನೆಯ ಜಗಲಿಯಲ್ಲಿ ಕೂತು, ಸಂಬಂಧಪಟ್ಟ ಕಚೇರಿಗೆ ಅವನ ಹೆಸರಲ್ಲಿ ಅರ್ಜಿ ಬರೆದೆವು. ಅಜಾಗರೂಕತೆ ಅನ್ನುವ ಶಬ್ದಕ್ಕೆ ಆಕ್ಷೇಪಣೆ, ಅದರ ಕೆಳಗೆ ಪ್ರಶ್ನೆಗಳು. ಆ ಪ್ಯಾನೆಲ್ಲಿಗೆ ಕರೆಂಟು ಕೊಡುವ ಬ್ರೇಕರು ಎಷ್ಟು ಹೊತ್ತಿಗೆ ಬೀಳುವಂತೆ ಸೆಟ್ ಮಾಡಿತ್ತು? ಕೊನೇ ಸಲ ಅದನ್ನು ಪರೀಕ್ಷೆ ಮಾಡಿದ ತಾರೀಖು ಯಾವುದು? ಆ ಬಾಗಿಲ ಮುಂದೆ ಎಷ್ಟು ಅಡಿಯವರೆಗೆ ಸುಡಬಹುದು ಅಂತ ಯಾರಾದರೂ ಲೆಕ್ಕ ಹಾಕಿದ್ದರೆ? ಆಫ್ ಮಾಡದೆ ಕೆಲಸ ಮಾಡಲು ಅನುಮತಿ ಕೊಟ್ಟವರು ಯಾರು, ಬರಹದಲ್ಲಿ ಇದೆಯೇ? ಅವತ್ತು ಇಬ್ಬರಿಗೂ ಕೊಟ್ಟಿದ್ದ ಬಟ್ಟೆ ಯಾವುದು?

ಕೆಳಗೆ ಸಹಿ ಅವನೇ ಮಾಡಿದ, ಎಡಗೈಯಲ್ಲಿ. ಹೊತ್ತು ಹಿಡಿಯಿತು. ಅವರವ್ವ ಕಾಗದ ಒದ್ದೆಯಾಗದ ಹಾಗೆ ಸೆರಗಲ್ಲಿ ಸುತ್ತಿಕೊಂಡು ಅಂಚೆ ಕಚೇರಿಗೆ ತಾನೇ ಹೋಗಿ ಹಾಕಿ ಬಂದಳು. ರಸೀದಿ ನಮ್ಮ ಹತ್ತಿರ ಇದೆ.